ಸಾಫ್ಟ್‌ವೇರ್ ರಿನ್ಯೂವಲ್‌ಗೂ ಚೌಕಾಶಿ ಮಾಡಿ: ನಮ್ಮ ಸಣ್ಣ ಉದ್ಯಮಿಗಳಿಗೊಂದು ಬಹಿರಂಗ ಪತ್ರ

ಪೀಣ್ಯ, ಬೊಮ್ಮಸಂದ್ರ, ಮೈಸೂರಿನ ಹೆಬ್ಬಾಳ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ, ಶಿವಮೊಗ್ಗದ ಮಾಚೇನಹಳ್ಳಿ, ಮಂಗಳೂರಿನ ಬೈಕಂಪಾಡಿಯ ಸಣ್ಣ ಮತ್ತು ಮಧ್ಯಮ ಉದ್ಯಮಿಗಳೇ, ಅವರ ಲೆಕ್ಕಪತ್ರ ನೋಡಿಕೊಳ್ಳುವ ಮ್ಯಾನೇಜರುಗಳೇ,



ಇಎನ್-8 ಉಕ್ಕಿನ ಬಾರು ತರಿಸುವಾಗ ಕಿಲೋಗೆ ಐವತ್ತು ಪೈಸೆ ಇಳಿಸಲು ಮೂರು ಡೀಲರುಗಳಿಗೆ ಫೋನು ಹಚ್ಚುವವರು ನೀವು. ಲಾರಿ ಬಾಡಿಗೆಯನ್ನು ಎರಡು ಸಲ ಕೇಳಿಯೇ ಒಪ್ಪುತ್ತೀರಿ. ಸ್ಕ್ರಾಪು ಕೊಳ್ಳಲು ಬಂದವನ ತಕ್ಕಡಿಯನ್ನು ನಂಬದೆ ವೇಬ್ರಿಜ್ಜಿಗೆ ಕಳಿಸುತ್ತೀರಿ. ಅದೇ ನೀವು, 'ನಿಮ್ಮ ಚಂದಾ ಮುಂದಿನ ತಿಂಗಳು ಮುಗಿಯಲಿದೆ, ಕೋಟೇಶನ್ ಲಗತ್ತಿಸಿದೆ' ಎಂಬ ಸಾಫ್ಟ್‌ವೇರ್ ಕಂಪನಿಯ ಮೇಲ್ ಬಂದ ಕೂಡಲೇ ಅದನ್ನು ಅಕೌಂಟ್ಸ್‌ಗೆ ತಳ್ಳಿ, 'ಓಕೆ, ಪೇ ಮಾಡಿ' ಎಂದು ಬರೆದುಬಿಡುತ್ತೀರಿ. ಖರೀದಿ ವಿಭಾಗದ ಮೇಜಿನಲ್ಲಿ ಕೂತು ಇಂಥ ಕೋಟೇಶನ್‌ಗಳನ್ನು ನೋಡುವುದೇ ನನ್ನ ಕೆಲಸ. ಗೆಳೆಯರ ಕಾರ್ಖಾನೆಗಳ ಕಾಗದಗಳೂ ಆಗಾಗ ನನ್ನ ಮುಂದೆ ಬರುತ್ತವೆ. ಅವನ್ನೆಲ್ಲ ನೋಡಿದ ಮೇಲೆ ನಿಮಗೆ ಒಂದು ಮಾತು ಹೇಳಬೇಕೆನಿಸಿತು. ಆ ಮೇಲ್‌ನಲ್ಲಿರುವ ಮೊತ್ತ ಅವರ ಮೊದಲ ದರ, ಅಷ್ಟೆ. ಅದನ್ನು ಕರೆಂಟು ಬಿಲ್ಲಿನಂತೆ ಕಟ್ಟಿ ಕೈತೊಳೆದುಕೊಳ್ಳಬೇಡಿ. ನಿಮಗೆ ಚೆನ್ನಾಗಿ ಬರುವ ಚೌಕಾಶಿಯನ್ನು ಅಲ್ಲಿಯೂ ಮಾಡಿ.

ನೀವು ಸುಮ್ಮನಿರುವುದಕ್ಕೆ ಕಾರಣ ಇಲ್ಲದಿಲ್ಲ. ಕಬ್ಬಿಣದ ಇವತ್ತಿನ ದರ ಇಡೀ ಬೀದಿಗೆ ಗೊತ್ತಿರುತ್ತದೆ. ಸಾಫ್ಟ್‌ವೇರನ್ನು ಪಕ್ಕದ ಶೆಡ್ಡಿನವರು ಎಷ್ಟಕ್ಕೆ ಕೊಂಡರೆಂಬುದು ಯಾರಿಗೂ ಗೊತ್ತಿರುವುದಿಲ್ಲ. ಜತೆಗೆ ಹೆದರಿಕೆ ಬೇರೆ: ಚಂದಾ ನಿಂತರೆ ಮೇಲ್ ನಿಂತೀತು, ಡ್ರಾಯಿಂಗ್ ತೆರೆಯದೆ ಹೋದೀತು, ತಿಂಗಳ ಕೊನೆಯಲ್ಲಿ ಇನ್‌ವಾಯ್ಸ್ ಹೊರಡದೆ ಹೋದೀತು. ಜುಟ್ಟು ಅವರ ಕೈಯಲ್ಲಿರುವಾಗ ವಾದ ಯಾಕೆ ಎಂಬ ಲೆಕ್ಕಾಚಾರ.

ಜುಟ್ಟು ಅವರ ಕೈಗೆ ಹೋದದ್ದು ಹೇಗೆಂದು ನೋಡಿ. ಒಂದು ಕಾಲಕ್ಕೆ ಸೀಡಿ ಕೊಂಡರೆ ಸಾಫ್ಟ್‌ವೇರ್ ನಮ್ಮದಾಗುತ್ತಿತ್ತು. ಹೊಸ ಆವೃತ್ತಿ ಬೇಡವೆಂದರೆ ಹಳೆಯದರಲ್ಲೇ ವರ್ಷಗಟ್ಟಲೆ ಕೆಲಸ ನಡೆಸಬಹುದಿತ್ತು. 2013ರಲ್ಲಿ ಅಡೋಬಿ ಇನ್ನು ಮುಂದಿನ ಆವೃತ್ತಿಗಳೆಲ್ಲ ಚಂದಾದ ಮೇಲೆಯೇ ಎಂದು ಘೋಷಿಸಿತು. 2016ರಲ್ಲಿ ಆಟೋಡೆಸ್ಕ್ ಆಟೋಕ್ಯಾಡ್‌ನಂಥ ತನ್ನ ತಂತ್ರಾಂಶಗಳ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು. ಆಫೀಸ್ ಪ್ಯಾಕೇಜು, ಮೇಲ್, ಸಿಆರ್‌ಎಂ ಎಲ್ಲವೂ ಒಂದೊಂದಾಗಿ ಬಾಡಿಗೆ ಮನೆ ಸೇರಿದವು. ಬೆಂಗಳೂರಿನ ಟ್ಯಾಲಿ ಮಾತ್ರ ನಡುದಾರಿ ಹಿಡಿದಿದೆ. 1986ರಲ್ಲಿ ಶುರುವಾದ ಈ ಕಂಪನಿ ಇವತ್ತಿಗೂ ಶಾಶ್ವತ ಲೈಸೆನ್ಸ್ ಕೊಡುತ್ತದೆ. ವರ್ಷವರ್ಷದ ಟಿಎಸ್‌ಎಸ್ ಎಂಬ ಸೇವಾ ಶುಲ್ಕ ಕಟ್ಟದಿದ್ದರೆ ಹೊಸ ಅಪ್‌ಡೇಟುಗಳೂ ಆನ್‌ಲೈನ್ ಸೇವೆಗಳೂ ನಿಲ್ಲುತ್ತವೆ, ಪುಸ್ತಕ ಮಾತ್ರ ತೆರೆಯುತ್ತದೆ.

ಹಾಗಾಗಿ ಯಾವುದೇ ರಿನ್ಯೂವಲ್ ಬಂದರೂ ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದದ್ದು ದರದ ಪ್ರಶ್ನೆಯಲ್ಲ. ಹಣ ಕಟ್ಟದಿದ್ದರೆ ಮರುದಿನ ಬೆಳಗ್ಗೆ ಏನು ನಿಲ್ಲುತ್ತದೆ? ಅಪ್‌ಡೇಟ್ ಮಾತ್ರ ನಿಲ್ಲುವುದಾದರೆ ನಿಮ್ಮ ಕೈ ಮೇಲಿದೆ, ಒಂದು ತಿಂಗಳು ತಡವಾದರೂ ಆಕಾಶ ಕಳಚಿ ಬೀಳದು. ಹೊಸ ಫೈಲು ಮಾಡಲಾಗದಿದ್ದರೂ ಹಳೆಯದನ್ನು ನೋಡಲು ಬರುವುದಾದರೆ ಎರಡೂ ಕಡೆ ಸಮ. ಎಲ್ಲವೂ ನಿಲ್ಲುವುದಾದರೆ ಕೊನೆಯ ವಾರದಲ್ಲಿ ಚೌಕಾಶಿಗೆ ಕೂರುವಂತಿಲ್ಲ, ತಿಂಗಳುಗಳ ಮೊದಲೇ ಕೂರಬೇಕು. ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವುದಕ್ಕೆ ಎಷ್ಟು ತಲೆಕೆಡಿಸಿಕೊಳ್ಳಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

'ನಮಗೆ ಹಾಕಿರುವುದು ಫಿಕ್ಸೆಡ್ ರೇಟು, ಇಷ್ಟು ವರ್ಷದಿಂದ ಹಾಗೇ ಇದೆ' ಎನ್ನುವವರಿಗೆ ಇತ್ತೀಚಿನ ಚರಿತ್ರೆ ನೆನಪಿಸುತ್ತೇನೆ. 2022ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ತನ್ನ 365 ಯೋಜನೆಗಳ ದರ ಏರಿಸಿದಾಗ ಬಿಸಿನೆಸ್ ಬೇಸಿಕ್ ತಲೆಗೆ ತಿಂಗಳಿಗೆ 5 ಡಾಲರಿನಿಂದ 6 ಡಾಲರ್ ಆಯಿತು. ಒಂದೇ ಏಟಿಗೆ ಶೇ 20. 2023ರಲ್ಲಿ ಸೇಲ್ಸ್‌ಫೋರ್ಸ್ ಸರಾಸರಿ ಶೇ 9ರಷ್ಟು ಏರಿಸಿತು, 2025ರಲ್ಲಿ ಕೆಲವು ಯೋಜನೆಗಳ ಮೇಲೆ ಮತ್ತೆ ಸರಾಸರಿ ಶೇ 6. 2025ರ ಆರಂಭದಲ್ಲಿ ಗೂಗಲ್ ತನ್ನ ವರ್ಕ್‌ಸ್ಪೇಸ್‌ಗೆ ಜೆಮಿನೈ ಎಂಬ ಎಐ ಸೌಲಭ್ಯವನ್ನು ಸೇರಿಸಿ, ಬಿಸಿನೆಸ್ ಸ್ಟ್ಯಾಂಡರ್ಡ್ ದರವನ್ನು 12 ಡಾಲರಿನಿಂದ 14ಕ್ಕೆ ಒಯ್ದಿತು. ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ. ಅದೇ ವರ್ಷದ ನವೆಂಬರ್ 1ರಿಂದ ಮೈಕ್ರೋಸಾಫ್ಟ್, ದೊಡ್ಡ ಗಿರಾಕಿಗಳಿಗೆ ಸಂಖ್ಯೆಯ ಮೇಲೆ ತಾನಾಗಿ ಸಿಗುತ್ತಿದ್ದ ರಿಯಾಯಿತಿಯನ್ನೇ ಆನ್‌ಲೈನ್ ಸೇವೆಗಳಿಂದ ತೆಗೆದುಹಾಕಿತು.

ಕೆಲವೊಮ್ಮೆ ದರದ ಬದಲು ಅಳತೆಗೋಲೇ ಬದಲಾಗುತ್ತದೆ. 2023ರ ಜನವರಿಯಲ್ಲಿ ಒರಾಕಲ್ ತನ್ನ ಜಾವಾ ಚಂದಾವನ್ನು ಕಂಪನಿಯ ಒಟ್ಟು ನೌಕರರ ತಲೆಯೆಣಿಕೆಗೆ ಕಟ್ಟಿತು. ಕಂಪ್ಯೂಟರ್ ಮುಟ್ಟದ ಪ್ಯಾಕಿಂಗ್ ಹುಡುಗನೂ ಆ ಲೆಕ್ಕದಲ್ಲಿ ಒಬ್ಬ. ಇದಕ್ಕೆಲ್ಲ ಡಾಲರಿನ ಆಟವನ್ನೂ ಸೇರಿಸಿ. 2022ರ ಆರಂಭದಲ್ಲಿ ಡಾಲರಿಗೆ ಸುಮಾರು 75 ರೂಪಾಯಿ ಇದ್ದದ್ದು 2025ರ ಡಿಸೆಂಬರಿನಲ್ಲಿ 90 ದಾಟಿತು. ಡಾಲರಿನಲ್ಲಿ ಬಿಲ್ ಮಾಡುವ ಕಂಪನಿ ಒಂದು ಸೆಂಟೂ ಏರಿಸದಿದ್ದರೂ ನಿಮ್ಮ ಜೇಬಿನಿಂದ ಐದನೇ ಒಂದು ಪಾಲು ಹೆಚ್ಚು ಹೋಯಿತು.

ವರ್ಷಕ್ಕೆ ಶೇ 9 ಎಂದರೆ ಸಣ್ಣದೆನಿಸಬಹುದು. ಚಕ್ರಬಡ್ಡಿಯ ಲೆಕ್ಕದಲ್ಲಿ ಎಂಟು ವರ್ಷಕ್ಕೆ ಅದು ಬಹುತೇಕ ಇಮ್ಮಡಿ. ನಿಮ್ಮ ಜಾಬ್ ವರ್ಕ್ ದರವನ್ನು ಎಂಟು ವರ್ಷದಲ್ಲಿ ಇಮ್ಮಡಿ ಮಾಡಲು ನಿಮ್ಮ ಗಿರಾಕಿ ಬಿಟ್ಟಾನೆಯೇ?

ಈಗ ಮೇಜಿನ ಆಚೆ ಬದಿಯಲ್ಲಿ ಕೂತವರನ್ನು ನೋಡೋಣ. ನಿಮಗೆ ಫೋನ್ ಮಾಡುವ ರಿನ್ಯೂವಲ್ ಹುಡುಗನಿಗೋ ಹುಡುಗಿಗೋ ಮೂರು ತಿಂಗಳಿಗೊಂದು ಗುರಿ ಇರುತ್ತದೆ. ಹಳೆಯ ಗಿರಾಕಿಗಳಿಂದ ಹೋದ ವರ್ಷ ಬಂದ ಹಣಕ್ಕಿಂತ ಈ ವರ್ಷ ಎಷ್ಟು ಹೆಚ್ಚು ಬಂತು ಎಂಬ ಅಂಕಿ ಅವರ ಕಂಪನಿಗೆ ಪ್ರಾಣ. ಷೇರುಪೇಟೆಯವರು ನೋಡುವುದೂ ಅದನ್ನೇ. ಹೊಸ ಗಿರಾಕಿಯನ್ನು ಹಿಡಿಯಲು ಜಾಹೀರಾತು, ಡೆಮೊ, ಓಡಾಟ ಎಂದು ಖರ್ಚಾಗುತ್ತದೆ, ಹಳೆಯ ಗಿರಾಕಿಯನ್ನು ಉಳಿಸಿಕೊಳ್ಳಲು ಒಂದು ಫೋನು ಸಾಕು. ಹಾಗಾಗಿ ನೀವು ಬಿಟ್ಟುಹೋಗುವುದು ಅವರಿಗೆ ನೀವಂದುಕೊಂಡದ್ದಕ್ಕಿಂತ ದೊಡ್ಡ ಏಟು. 'ನನ್ನದು ಚಿಲ್ಲರೆ ಆರ್ಡರು, ನನ್ನ ಮಾತು ಯಾರು ಕೇಳುತ್ತಾರೆ' ಎಂಬ ಸಂಕೋಚ ಬೇಡ. ಸಣ್ಣ ಆರ್ಡರಿಗೆ ಸಣ್ಣ ರಿಯಾಯಿತಿ ಕೊಡುವ ಅಧಿಕಾರ ಆ ಹುಡುಗನ ಕೈಯಲ್ಲೋ ಅವನ ಮ್ಯಾನೇಜರನ ಕೈಯಲ್ಲೋ ಇರುತ್ತದೆ. ದೊಡ್ಡ ಆರ್ಡರಿನ ಹಾಗೆ ಅದು ಸಿಂಗಪುರದ ವಲಯ ಕಚೇರಿಯವರೆಗೆ ಹೋಗಿಬರಬೇಕಿಲ್ಲ.

ಅವರ ಲೆಕ್ಕದ ವರ್ಷ ಯಾವಾಗ ಮುಗಿಯುತ್ತದೆಂದು ತಿಳಿದಿರಲಿ. ಸೇಲ್ಸ್‌ಫೋರ್ಸ್ ಮತ್ತು ಆಟೋಡೆಸ್ಕ್‌ಗೆ ಜನವರಿ 31, ಒರಾಕಲ್‌ಗೆ ಮೇ 31, ಮೈಕ್ರೋಸಾಫ್ಟ್ ಮತ್ತು ಅಟ್ಲಾಸಿಯನ್‌ಗೆ ಜೂನ್ 30, ಫ್ರೆಶ್‌ವರ್ಕ್ಸ್ ಮತ್ತು ಹಬ್‌ಸ್ಪಾಟ್‌ಗೆ ಡಿಸೆಂಬರ್ 31. ಆ ಕೊನೆಯ ಎರಡು ವಾರಗಳಲ್ಲಿ 'ಆಗುವುದೇ ಇಲ್ಲ' ಎಂದ ಬಾಯೇ 'ನೋಡೋಣ ಸರ್' ಎನ್ನುತ್ತದೆ. ನಿಮ್ಮ ರಿನ್ಯೂವಲ್ ಬೇರೆ ತಿಂಗಳಲ್ಲಿದ್ದರೆ, ಅವರ ವರ್ಷಾಂತ್ಯಕ್ಕೆ ಮುಂಚಿತವಾಗಿ ಸಹಿ ಹಾಕುತ್ತೇನೆಂಬುದೇ ಒಂದು ಆಸೆ ತೋರಿಸಿದಂತೆ.

ಎಲ್ಲೆಲ್ಲಿ ಚೌಕಾಶಿ ನಡೆಯುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮೈಕ್ರೋಸಾಫ್ಟ್ 365ನಂಥವನ್ನು ಸಣ್ಣ ಕಂಪನಿಗಳು ಕೊಳ್ಳುವುದು ಪಾರ್ಟ್‌ನರ್ ಎಂಬ ಮಧ್ಯವರ್ತಿಯ ಮೂಲಕ. ಅವರ ಮಾರ್ಜಿನ್ ತೆಳ್ಳಗಿರುತ್ತದೆ, ಎಷ್ಟು ಹಿಂಡಿದರೂ ಹೆಚ್ಚು ಬಾರದು. ಅಲ್ಲಿ ಹಣ ಉಳಿಯುವುದು ಷರತ್ತುಗಳಲ್ಲಿ. ತಿಂಗಳು ತಿಂಗಳಿಗೆ ಬಿಡಬಹುದಾದ ಯೋಜನೆಗೆ ವಾರ್ಷಿಕಕ್ಕಿಂತ ಶೇ 20 ಹೆಚ್ಚು. ವರ್ಷದ ಕರಾರು ಮಾಡಿಕೊಂಡು ತಿಂಗಳ ಕಂತಿನಲ್ಲಿ ಕಟ್ಟಿದರೆ 2025ರ ಏಪ್ರಿಲ್‌ನಿಂದ ಶೇ 5 ಹೆಚ್ಚು. ಇನ್ನೊಂದು ಮಾತಂತೂ ಗೋಡೆಗೆ ಬರೆದಿಡಬೇಕು: ರಿನ್ಯೂ ಆದ ಏಳು ದಿನದೊಳಗೆ ಮಾತ್ರ ಸೀಟು (ತಲೆಗೊಂದರಂತೆ ಕೊಳ್ಳುವ ಲೈಸೆನ್ಸ್) ಕಡಿಮೆ ಮಾಡಬಹುದು. ಎಂಟನೇ ದಿನ ಕೆಲಸ ಬಿಟ್ಟವನ ಸೀಟಿಗೆ ವರ್ಷಪೂರ್ತಿ ನೀವೇ ದಾನಿ. ಸೀಟು ಸೇರಿಸುವುದಾದರೆ ಯಾವತ್ತಾದರೂ ಸೇರಿಸಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಇನ್ನು ಕೋಟೇಶನ್ ಓದುವ ಬಗೆ. ಮೊತ್ತದಿಂದ ಮೇಲಕ್ಕೆ ಓದಬೇಡಿ, ಮೇಲಿನಿಂದ ಕೆಳಕ್ಕೆ ಓದಿ. ಮೊದಲು ಕಾಣುವುದು ಸೀಟುಗಳ ಸಂಖ್ಯೆ. ಅಡ್ಮಿನ್ ಖಾತೆಯಲ್ಲಿ ಯಾರು ಕೊನೆಯ ಸಲ ಯಾವಾಗ ಲಾಗಿನ್ ಆದರೆಂಬ ವರದಿ ಸಿಗುತ್ತದೆ. ಅದನ್ನು ತೆಗೆದು ಎಚ್‌ಆರ್‌ನ ಸಂಬಳದ ಪಟ್ಟಿಯ ಪಕ್ಕ ಇಡಿ. ಬಿಟ್ಟುಹೋದವರು, ಎರಡೆರಡು ಖಾತೆ ಇರುವವರು, 'ಸ್ಟೋರ್ಸ್', 'ಟೆಸ್ಟ್1' ಎಂಬ ಹೆಸರಿನ ಅನಾಥ ಖಾತೆಗಳು ಎಲ್ಲವೂ ಹೊರಬರುತ್ತವೆ. ಆಮೇಲೆ ಯಾರಿಗೆ ಯಾವ ಯೋಜನೆ ಎಂದು ನೋಡಿ. ಮೇಲ್ ನೋಡಿ ಮರಳಿ ಯಂತ್ರದ ಬಳಿ ಹೋಗುವ ಸೂಪರ್‌ವೈಸರನಿಗೆ ಎಂಡಿಗೆ ಕೊಟ್ಟ ದುಬಾರಿ ಯೋಜನೆಯೇ ಬೇಕೆ? ಡ್ರಾಯಿಂಗ್ ನೋಡಿ ಅಳತೆ ತಾಳೆ ಮಾಡುವ ಕ್ವಾಲಿಟಿಯವರಿಗೆ ಪೂರ್ತಿ ಕ್ಯಾಡ್ ಯಾಕೆ, ಉಚಿತ ವ್ಯೂವರ್ ಸಾಲದೆ?

ಎರಡನೆಯದು ದರದ ಕಾಲಂ. 'ಲಿಸ್ಟ್ ಪ್ರೈಸ್ ಇಷ್ಟು, ನಿಮಗೆ ಶೇ 15 ರಿಯಾಯಿತಿ' ಎಂದು ಬರೆದದ್ದನ್ನು ನೋಡಿ ಖುಷಿಪಡುವ ಮೊದಲು ಹೋದ ವರ್ಷದ ಇನ್‌ವಾಯ್ಸ್ ತೆಗೆಯಿರಿ. ಆಗ ಶೇ 30 ಕೊಟ್ಟಿದ್ದರೆ? ಮೊದಲ ವರ್ಷ ಕೊಟ್ಟದ್ದನ್ನು 'ಅದು ಒಂದು ಸಲದ ಪ್ರಮೋಶನ್' ಎಂದು ಎರಡನೇ ವರ್ಷ ವಾಪಸು ತೆಗೆದುಕೊಳ್ಳುವುದು ಈ ವ್ಯಾಪಾರದ ಹಳೆಯ ಚಾಳಿ. ಹೋಲಿಕೆ ಯಾವಾಗಲೂ ನೀವು ಕಳೆದ ಸಲ ಕೊಟ್ಟ ಹಣದ ಜತೆ ಇರಲಿ, ಅವರು ಬರೆದ ಲಿಸ್ಟಿನ ಜತೆ ಬೇಡ.

ಮೂರನೆಯದು ಸಣ್ಣ ಅಕ್ಷರಗಳು. ತಾನಾಗಿ ನವೀಕರಣವಾಗುವ ಷರತ್ತು ಇದ್ದರೆ, ಬೇಡವೆಂದು ತಿಳಿಸಲು 30, 60 ಅಥವಾ 90 ದಿನ ಮೊದಲೇ ಪತ್ರ ಬರೆಯಬೇಕೆಂದು ಅಲ್ಲೇ ಇರುತ್ತದೆ. ಎಷ್ಟೋ ಕಡೆ ಕೋಟೇಶನ್ ನಿಮ್ಮ ಕೈ ಸೇರುವ ಹೊತ್ತಿಗೆ ಆ ಗಡುವು ದಾಟಿರುತ್ತದೆ. ನಡುವೆ ಬಿಟ್ಟರೆ ದಂಡವೆಷ್ಟು ಎಂಬುದೂ ಅಲ್ಲೇ ಅಡಗಿರುತ್ತದೆ. ಅಡೋಬಿ ತನ್ನ ವಾರ್ಷಿಕ ಯೋಜನೆಯ ರದ್ದತಿ ಶುಲ್ಕವನ್ನು ಗಿರಾಕಿಗಳಿಗೆ ಸರಿಯಾಗಿ ತೋರಿಸಲಿಲ್ಲವೆಂದು 2024ರ ಜೂನ್‌ನಲ್ಲಿ ಅಮೆರಿಕ ಸರ್ಕಾರವೇ ಕೋರ್ಟಿಗೆ ಹೋಯಿತು. ಅಲ್ಲಿನ ಸರ್ಕಾರಕ್ಕೆ ಅಷ್ಟು ಗಂಭೀರವಾಗಿ ಕಂಡದ್ದನ್ನು ನಾವು ಕಣ್ಣೆತ್ತಿಯೂ ನೋಡದಿರಬಾರದು.

ನಾಲ್ಕನೆಯದು ತೆರಿಗೆ. ಜಿಎಸ್‌ಟಿ ಶೇ 18. ನಿಮ್ಮ ಜಿಎಸ್‌ಟಿ ನಂಬರು ಇನ್‌ವಾಯ್ಸಿನಲ್ಲಿ ಸರಿಯಾಗಿ ಬಂದರೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಮಾಲೀಕರ ಸ್ವಂತ ಕಾರ್ಡಿನಲ್ಲಿ, ನಂಬರಿಲ್ಲದೆ ಕೊಂಡದ್ದಕ್ಕೆ ಅದು ಕೈತಪ್ಪುತ್ತದೆ. ವಿದೇಶಿ ಕಂಪನಿಯಿಂದ ನೇರವಾಗಿ ಕೊಂಡರೆ ರಿವರ್ಸ್ ಚಾರ್ಜ್‌ನಲ್ಲಿ ತೆರಿಗೆ ನೀವೇ ಕಟ್ಟಬೇಕು. ಕೆಲವು ವಿದೇಶಿ ಕೋಟೇಶನ್‌ಗಳಲ್ಲಿ 'ಯಾವುದೇ ತೆರಿಗೆ ಕಡಿತವಾದರೂ ನಮಗೆ ಪೂರ್ತಿ ಮೊತ್ತವೇ ಬರಬೇಕು' ಎಂಬ ಸಾಲೂ ಇರುತ್ತದೆ. ಟಿಡಿಎಸ್ ಹಿಡಿಯಬೇಕಾಗಿ ಬಂದರೆ ಅದರ ಭಾರ ನಿಮ್ಮ ತಲೆಗೆ. ಕರ್ನಾಟಕ ಹೈಕೋರ್ಟಿನಿಂದ ಮೇಲಕ್ಕೆ ಹೋದ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಮಾರ್ಚ್ 2ರಂದು, ವಿದೇಶದಿಂದ ಸಾಫ್ಟ್‌ವೇರ್ ಬಳಕೆಗೆ ಕೊಡುವ ಹಣ ದ್ವಿತೆರಿಗೆ ಒಪ್ಪಂದಗಳಡಿ ರಾಯಲ್ಟಿ ಆಗುವುದಿಲ್ಲ, ಆದ್ದರಿಂದ ಅದಕ್ಕೆ ಟಿಡಿಎಸ್ ಹಿಡಿಯಬೇಕಿಲ್ಲ ಎಂದು ತೀರ್ಪು ಕೊಟ್ಟಿತು. ನಿಮ್ಮ ಚಂದಾಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಸಹಿಗೆ ಮೊದಲೇ ಆಡಿಟರನ್ನು ಕೇಳಿ. ಆಮೇಲೆ ಕೇಳಿದರೆ ಆಡಿಟರ್ ಮಾಡುವುದೇನೂ ಉಳಿದಿರುವುದಿಲ್ಲ.

ಇಷ್ಟು ಓದಿ ಮುಗಿಸಿದವರು ಫೋನಿನಲ್ಲಿ ಹೇಗೆ ಮಾತಾಡುತ್ತಾರೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಒಂದು ಟೂಲ್‌ರೂಮಿನ ಅಕೌಂಟ್ಸ್ ಮೇಡಂ ಸ್ಪೀಕರ್ ಹಾಕಿ ಆಡಿದ ಮಾತು ಇದು. ಕೋಟೇಶನ್ 40 ಸೀಟಿಗೆ, ಏರಿಕೆ ಶೇ 9.

'ಮೇಡಂ, ಈ ಸಲ ಸಿಸ್ಟಮ್‌ನಲ್ಲೇ ಒಂಬತ್ತು ಪರ್ಸೆಂಟ್ ಅಪ್‌ಲಿಫ್ಟ್ ಬಂದಿದೆ. ನಮ್ಮ ಕೈಯಲ್ಲಿ ಏನೂ ಇಲ್ಲ.'

'ಯಾರ ಕೈಯಲ್ಲಿದೆ ಹೇಳಿ, ಅವರ ಹತ್ತಿರವೇ ಮಾತಾಡ್ತೀನಿ.'

'ಮ್ಯಾನೇಜರ್ ಅಪ್ರೂವಲ್ ಬೇಕಾಗುತ್ತೆ ಮೇಡಂ.'

'ಸರಿ, ಅವರಿಗೆ ಬರೀರಿ. ನಮಗೆ ಬೇಕಾಗಿರೋದು 31 ಸೀಟು. ದರ ಹೋದ ವರ್ಷದ್ದು. ಮುಂದಿನ ರಿನ್ಯೂವಲ್‌ಗಳಲ್ಲಿ ಏರಿಕೆ ನಾಲ್ಕು ಪರ್ಸೆಂಟ್ ದಾಟಬಾರದು ಅಂತ ಕಾಗದದಲ್ಲಿ ಬರಬೇಕು. ಇಷ್ಟಾದರೆ ಇದೇ ತಿಂಗಳು 28ಕ್ಕೆ ಪಿಒ ಕಳಿಸ್ತೀನಿ, ದುಡ್ಡು ಒಂದೇ ಕಂತಲ್ಲಿ.'

'ಸೀಟು ಕಡಿಮೆಯಾದ್ರೆ ಡಿಸ್ಕೌಂಟ್ ಸ್ಲ್ಯಾಬ್ ಹೋಗುತ್ತೆ ಮೇಡಂ.'

'ಹೋದರೆ ಎಷ್ಟಾಗುತ್ತೆ, ಹೋಗದಿದ್ದರೆ ಎಷ್ಟಾಗುತ್ತೆ, ಎರಡನ್ನೂ ಬರೆದು ಕಳಿಸಿ. ನೋಡಿ ಹೇಳ್ತೀನಿ.'

ಆಕೆ ದನಿ ಏರಿಸಲಿಲ್ಲ, 'ಸ್ವಲ್ಪ ಕಡಿಮೆ ಮಾಡಿಕೊಡಿ' ಎಂದು ಅಂಗಲಾಚಲೂ ಇಲ್ಲ. ಬೇಕಾದದ್ದನ್ನು ಅಂಕಿಯಲ್ಲಿ ಹೇಳಿದರು, ಬದಲಿಗೆ ಏನು ಕೊಡುತ್ತೇನೆಂದು ದಿನಾಂಕದ ಸಮೇತ ಹೇಳಿದರು, ಉತ್ತರವನ್ನು ಬರವಣಿಗೆಯಲ್ಲಿ ಕೇಳಿದರು. ಆ ಹುಡುಗನಿಗೆ ಮ್ಯಾನೇಜರನ ಮುಂದಿಡಲು ಒಂದು ಗಟ್ಟಿ ಪ್ರಸ್ತಾಪ ಸಿಕ್ಕಿತು. ಕೊನೆಗೆ 31 ಸೀಟು, ಹಳೆಯ ದರ, ಮುಂದಿನ ಏರಿಕೆಗೆ ಶೇ 5ರ ಮಿತಿ ಎಂದು ಮುಗಿಯಿತು.

ಲೆಕ್ಕ ಸುಲಭವಾಗಲೆಂದು ಹಳೆಯ ದರವನ್ನು ತಲೆಗೆ ತಿಂಗಳಿಗೆ 1,000 ರೂಪಾಯಿ ಎಂದುಕೊಳ್ಳಿ. ಬಂದ ಕೋಟೇಶನ್ ವರ್ಷಕ್ಕೆ 5,23,200, ಕಟ್ಟಿದ್ದು 3,72,000. ಉಳಿದ 1,51,200 ರೂಪಾಯಿಯಲ್ಲಿ ದರ ಏರಿಕೆ ತಡೆದದ್ದರಿಂದ ಬಂದದ್ದು 43,200 ಮಾತ್ರ. ಮಿಕ್ಕ 1,08,000 ಬಂದದ್ದು ಒಂಬತ್ತು ಖಾಲಿ ಸೀಟುಗಳಿಂದ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಚೌಕಾಶಿಯ ದೊಡ್ಡ ಪಾಲು ಫೋನ್ ಎತ್ತುವ ಮೊದಲೇ ಮುಗಿದಿರುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಇದಕ್ಕೆಲ್ಲ ಬೇಕಾದದ್ದು ಸಮಯ. ದೊಡ್ಡ ಚಂದಾಗಳಿಗೆ ನಾಲ್ಕು ತಿಂಗಳ ಮೊದಲು ಕರಾರು ತೆಗೆದು ಗಡುವು ನೋಡಿ. ಮೂರು ತಿಂಗಳಿರುವಾಗ ಬಳಕೆಯ ವರದಿ ತೆಗೆದು, 'ತಾನಾಗಿ ನವೀಕರಣ ಬೇಡ, ಹೊಸ ಕೋಟೇಶನ್ ಕಳಿಸಿ' ಎಂದು ಮೇಲ್ ಹಾಕಿ. ಎರಡು ತಿಂಗಳಿರುವಾಗ ಪರ್ಯಾಯವೊಂದರ ಡೆಮೊ ನೋಡಿ, ನಿಮ್ಮದೇ ಡೇಟಾ ಹಾಕಿ ಪರೀಕ್ಷಿಸಿ. ಕೊನೆಯ ತಿಂಗಳು ಮಾತುಕತೆಗೆ. ಸಣ್ಣಪುಟ್ಟ ಚಂದಾಗಳು ಮಾಲೀಕರ ಕಾರ್ಡಿಗೆ ಅಂಟಿಕೊಂಡಿರುತ್ತವೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಅಂಥ ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಬರಬೇಕು. 15,000 ರೂಪಾಯಿವರೆಗಿನದಕ್ಕೆ ಒಟಿಪಿ ಬೇಕಿಲ್ಲ. ಆ ಸಂದೇಶ ಬ್ಯಾಂಕಿನ ನೂರೆಂಟು ಎಸ್‌ಎಂಎಸ್‌ಗಳ ನಡುವೆ ಕಳೆದುಹೋಗುತ್ತದೆ. ಅಂಥವನ್ನೆಲ್ಲ ಒಂದು ಎಕ್ಸೆಲ್ ಹಾಳೆಗೆ ತನ್ನಿ: ಹೆಸರು, ಸೀಟು, ದರ, ಮುಗಿಯುವ ದಿನ, ನೋಟಿಸ್ ಕೊಡಬೇಕಾದ ದಿನ, ಯಾರ ಕಾರ್ಡು.

ಪರ್ಯಾಯದ ವಿಷಯದಲ್ಲಿ ಹುಸಿ ಬೆದರಿಕೆ ಹಾಕಬೇಡಿ. ನಿಮ್ಮಲ್ಲಿ ಎಷ್ಟು ಜನ ದಿನಕ್ಕೆ ಎಷ್ಟು ಸಲ ಲಾಗಿನ್ ಆಗುತ್ತಾರೆ, ಎಷ್ಟು ಡೇಟಾ ಕೂಡಿಟ್ಟಿದ್ದೀರಿ ಎಂಬುದು ಅವರ ಪರದೆಯ ಮೇಲೆ ನಿಮಗಿಂತ ಚೆನ್ನಾಗಿ ಕಾಣುತ್ತದೆ. ನಲವತ್ತೂ ಜನ ಬೆಳಗಿನಿಂದ ಸಂಜೆವರೆಗೆ ಅದರಲ್ಲೇ ಮುಳುಗಿರುವಾಗ 'ನಾಳೆಯೇ ಬಿಟ್ಟುಬಿಡುತ್ತೇವೆ' ಎಂದರೆ ನಕ್ಕಾರು. ಅದರ ಬದಲು ಬಿಡಬಹುದಾದ ತುಂಡನ್ನು ನಿಜವಾಗಿಯೇ ಬಿಟ್ಟು ತೋರಿಸಿ. ಪತ್ರ, ಪಟ್ಟಿ ಬರೆಯುವಷ್ಟೇ ಕೆಲಸ ಇರುವವರಿಗೆ ಲಿಬ್ರೆಆಫೀಸ್ ಸಾಕು. ಚೆನ್ನೈಯಿಂದ ಬೆಳೆದ ಜೋಹೊದಲ್ಲಿ ಮೇಲ್‌ನಿಂದ ಸಿಆರ್‌ಎಂವರೆಗೆ ಎಲ್ಲ ಇದೆ, ಮುಂಬೈಯ ಫ್ರಾಪೆಯವರ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶ. 2024ರ ನವೆಂಬರಿನಲ್ಲಿ 1.0 ಆವೃತ್ತಿ ಕಂಡ ಫ್ರೀಕ್ಯಾಡ್ ಜಿಗ್ಗು ಫಿಕ್ಸ್‌ಚರುಗಳ ಸರಳ ಕೆಲಸಕ್ಕೆ ಒದಗೀತು; ಗಿರಾಕಿ ಒಂದು ನಿರ್ದಿಷ್ಟ ಫೈಲ್ ಬಗೆಯೇ ಬೇಕೆಂದರೆ ಒದಗದು. ಬದಲಾಯಿಸುವ ಖರ್ಚು, ಜನರಿಗೆ ಕಲಿಸುವ ತಿಂಗಳುಗಳು, ನಡುವೆ ಬೀಳುವ ತಪ್ಪುಗಳು ಇವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಿಡಿದ ಮೇಲೂ ಬದಲಾಯಿಸುವುದು ಲಾಭವೆನಿಸಿದರೆ ಬದಲಾಯಿಸಿ, ಇಲ್ಲವೆನಿಸಿದರೆ ಎಷ್ಟು ಏರಿಕೆಯವರೆಗೆ ತಾಳಬಹುದೆಂಬ ಅಂಕಿಯಾದರೂ ನಿಮ್ಮ ಕೈಗೆ ಸಿಗುತ್ತದೆ. ಅದು ಗೊತ್ತಿರುವವರ ದನಿಯೇ ಬೇರೆ.

ಕದ್ದ ಪ್ರತಿಯ ಕಡೆಗೆ ಮಾತ್ರ ಹೋಗಬೇಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕದ್ದ ಸೀಡಿ ಕೊಳ್ಳುವ ಹಳೇ ರೂಢಿ ಇವತ್ತಿಗೆ ನಡೆಯದು. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ, ತಿಳಿದೂ ಕದ್ದ ಸಾಫ್ಟ್‌ವೇರ್ ಬಳಸಿದವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಅದಕ್ಕಿಂತ ಹೆಚ್ಚಾಗಿ, ಕದ್ದ ಪ್ರತಿ ಇಟ್ಟುಕೊಂಡವರಿಗೆ ಚೌಕಾಶಿಯ ಮೇಜಿನಲ್ಲಿ ಬಾಯಿ ಇರುವುದಿಲ್ಲ. 'ನಿಮ್ಮಲ್ಲಿ ಲೈಸೆನ್ಸ್ ಪರಿಶೀಲನೆ ಮಾಡಬೇಕಿದೆ' ಎಂಬ ಒಂದು ಮೇಲ್ ಬಂದರೆ ಮುಗಿಯಿತು, ಅವರು ಹೇಳಿದ್ದೇ ದರ.

ದರ ಇಳಿಯುವುದೇ ಇಲ್ಲ ಎಂದಾಗಲೂ ಕೇಳಲು ಬೇಕಾದಷ್ಟಿದೆ, ಮತ್ತು ಅವನ್ನು ಕೊಡುವುದು ಅವರಿಗೆ ಸುಲಭ. ಮುಂದಿನ ಏರಿಕೆಗೆ ಮಿತಿ. ವರ್ಷದ ನಡುವೆ ಸೇರಿಸುವ ಸೀಟಿಗೂ ಇದೇ ದರ. ಮೂರು ವರ್ಷದ ಕರಾರಾದರೆ ವರ್ಷಕ್ಕೊಮ್ಮೆ ಇಂತಿಷ್ಟು ಸೀಟು ಇಳಿಸುವ ಹಕ್ಕು; ಇದಿಲ್ಲದೆ ಮೂರು ವರ್ಷಕ್ಕೆ ಸಹಿ ಹಾಕಬೇಡಿ, ಆರ್ಡರು ಕುಸಿದ ವರ್ಷ ಕುತ್ತಿಗೆಗೆ ಬರುತ್ತದೆ. ರೂಪಾಯಿಯಲ್ಲಿ ಬಿಲ್ಲು. ಬಿಟ್ಟುಹೋಗುವಾಗ ಡೇಟಾ ತೆಗೆದುಕೊಳ್ಳಲು ಕಾಲಾವಕಾಶ, ಅದೂ ಎಕ್ಸೆಲ್‌ನಲ್ಲಿ ತೆರೆಯುವ ರೂಪದಲ್ಲಿ. ಬೇರೆ ಬೇರೆ ತಿಂಗಳಲ್ಲಿ ಮುಗಿಯುವ ಅವರದೇ ಚಂದಾಗಳನ್ನು ಒಂದೇ ದಿನಕ್ಕೆ ತರುವುದು. ಆಗ ಎಲ್ಲವನ್ನೂ ಒಟ್ಟಿಗೆ ಹರಾಜಿಗಿಟ್ಟಂತೆ ಮಾತಾಡಬಹುದು. ಬೇಡದ ಎಐ ಸೌಲಭ್ಯವನ್ನು ಬಿಟ್ಟ ಹಳೆಯ ಯೋಜನೆ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಕೆಲವು ಕಂಪನಿಗಳಲ್ಲಿ ಅದು ಇರುತ್ತದೆ, ಕೇಳದವರಿಗೆ ತೋರಿಸುವುದಿಲ್ಲ.

ಇನ್ನೊಂದು ಕಡೆಯ ನ್ಯಾಯವನ್ನೂ ಮರೆಯಬಾರದು. ನಿಮ್ಮ ಪೇರೋಲ್ ಅಥವಾ ಇಆರ್‌ಪಿ ಬರೆದುಕೊಟ್ಟವರು ಹುಬ್ಬಳ್ಳಿಯದೋ ಮೈಸೂರಿನದೋ ಹತ್ತು ಜನರ ತಂಡವಾಗಿದ್ದರೆ ಅಲ್ಲಿ ಕೊನೆಯ ಪೈಸೆಗೂ ಎಳೆದಾಡಬೇಡಿ. ಜಿಎಸ್‌ಟಿ ನಿಯಮ ಬದಲಾದ ರಾತ್ರಿ ಎದ್ದು ಕೂತು ಸರಿಮಾಡುವವರು ಅವರೇ. ಅವರಿಗೂ ಸಂಬಳ ಏರಿಸಬೇಕು. ಅಂಥವರ ಜತೆ ದರದ ಬದಲು ಭದ್ರತೆಯ ಮಾತಾಡಿ: ನಾಳೆ ಅವರು ಮುಚ್ಚಿದರೆ ಸೋರ್ಸ್ ಕೋಡ್ ಯಾರಿಗೆ, ಬ್ಯಾಕಪ್ ಎಲ್ಲಿ, ಫೋನ್ ಎತ್ತಲು ಎಷ್ಟು ಹೊತ್ತು. ಮತ್ತು ದುಡ್ಡನ್ನು ಸಕಾಲಕ್ಕೆ ಕೊಡಿ. ನೋಂದಾಯಿತ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕೆಂಬ 2006ರ ಎಂಎಸ್‌ಎಂಇ ಕಾಯ್ದೆಯನ್ನು ದೊಡ್ಡ ಕಂಪನಿಗಳ ಮುಂದೆ ಎತ್ತಿ ಹಿಡಿಯುವವರು ನಾವೇ ಅಲ್ಲವೇ?

ಕೊನೆಯದಾಗಿ ಸಂಘಗಳ ವಿಷಯ. ಒಬ್ಬೊಬ್ಬರೇ ಮೂವತ್ತು ಸೀಟು ಹಿಡಿದು ಕೂತರೆ ನಮ್ಮದು ಚಿಲ್ಲರೆ ವ್ಯಾಪಾರವೇ. 1949ರಿಂದ ಇರುವ, ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ, ಪೀಣ್ಯದ ಸಂಘ, ಜಿಲ್ಲೆಗಳ ಕೈಗಾರಿಕಾ ಸಂಘಗಳು ವಿದ್ಯುತ್ ದರಕ್ಕೆ, ಆಸ್ತಿ ತೆರಿಗೆಗೆ ದನಿ ಎತ್ತುತ್ತ ಬಂದಿವೆ. ಸಾಫ್ಟ್‌ವೇರ್ ಈವರೆಗೆ ಅಜೆಂಡಾಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ಒಂದೇ ಕೈಗಾರಿಕಾ ಪ್ರದೇಶದ ಇಪ್ಪತ್ತು ಕಾರ್ಖಾನೆಗಳು ಒಂದೇ ಕ್ಯಾಡ್, ಒಂದೇ ಮೇಲ್ ಸೇವೆ ಬಳಸುತ್ತಿದ್ದರೆ, ಒಂದೇ ಪಾರ್ಟ್‌ನರನ ಮುಂದೆ ಆರುನೂರು ಸೀಟಿನ ಗಿರಾಕಿಯಾಗಿ ಯಾಕೆ ನಿಲ್ಲಬಾರದು? ದರವನ್ನು ಹೊರಗೆ ಹೇಳಕೂಡದೆಂಬ ಷರತ್ತು ಕೆಲವರ ಕರಾರಿನಲ್ಲಿರುತ್ತದೆ, ಅದನ್ನು ಮುರಿಯುವುದು ಬೇಡ. ಆದರೆ ಯಾವ ಷರತ್ತು ಕೇಳಿದರೆ ಕೊಡುತ್ತಾರೆ, ಯಾವ ತಿಂಗಳಲ್ಲಿ ಮೆತ್ತಗಾಗುತ್ತಾರೆ, ಯಾವ ಪಾರ್ಟ್‌ನರ್ ರಿನ್ಯೂವಲ್‌ಗೆ ಮೊದಲೇ ಎಚ್ಚರಿಸುತ್ತಾನೆ ಎಂಬುದನ್ನು ಹಂಚಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಈ ಪತ್ರದಿಂದ ನಾನು ಕೇಳುತ್ತಿರುವುದು ಎರಡೇ ಕೆಲಸ. ಈ ತಿಂಗಳು ಮುಗಿಯುವುದರೊಳಗೆ ನಿಮ್ಮ ಚಂದಾಗಳ ಹಾಳೆ ಸಿದ್ಧಮಾಡಿ, ಅದರಲ್ಲಿ ಅತಿ ದೊಡ್ಡದಾದ ಒಂದನ್ನು ಮಾತ್ರ ಈ ಸಲ ಕೈಗೆತ್ತಿಕೊಳ್ಳಿ. ಸಂಘದ ಮುಂದಿನ ಸಭೆಯಲ್ಲಿ 'ಸಾಫ್ಟ್‌ವೇರ್ ರಿನ್ಯೂವಲ್' ಎಂಬುದನ್ನು ಒಂದು ವಿಷಯವಾಗಿ ಬರೆಸಿ, ಆ ಹಾಳೆಯನ್ನು ಜತೆಗೆ ಒಯ್ಯಿರಿ. ನಾನೂ ನನ್ನದನ್ನು ತರುತ್ತೇನೆ.

ಇಂತಿ ನಿಮ್ಮವ,
ಖರೀದಿ ವಿಭಾಗದಲ್ಲಿ ಕೂತಿರುವ ಒಬ್ಬ
ಬೆಂಗಳೂರು